ಬೆಕ್ಕಿರುವ ಮನೆಯಲ್ಲಿ ಕಣಗಿಲೆ

ಸಂಪಿಗೆ, ತುರುವೇಕೆರೆ ಕಡೆ ಅಟ್ಟದ ಕೊಬ್ಬರಿಗೆ ಇಲಿ ಕಾಟ ತಪ್ಪಬೇಕಾದರೆ ಮನೆಯಲ್ಲೊಂದು ಬೆಕ್ಕಿರಬೇಕು. ಪೂಜೆಗೆಂದು ಅಂಗಳದಲ್ಲಿ ಕಣಗಿಲೆ ಗಿಡವೂ ಇದ್ದರೆ ಸ್ವಲ್ಪ ಎಚ್ಚರ ವಹಿಸಿ.

ಕಣಗಿಲೆಯ ಎಲೆ, ಹೂವು, ಕಾಂಡ, ಬೇರು ಎಲ್ಲವೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಹಳದಿ ಕಣಗಿಲೆಯೂ ಕಮ್ಮಿಯಿಲ್ಲ. ಎಲೆ ಒಣಗಿದರೂ ವಿಷ ಹೋಗದು. ಹಾಗಾಗಿ ಸವರಿದ ಕೊಂಬೆಯನ್ನಾಗಲಿ, ದೇವರ ಮೇಲಿಂದ ತೆಗೆದ ಬಾಡಿದ ಹೂವನ್ನಾಗಲಿ ಬೆಕ್ಕು ಓಡಾಡುವ ಕಡೆ ಬಿಸಾಡಬೇಡಿ. ಹೂವಿಟ್ಟಿದ್ದ ಚೊಂಬಿನ ನೀರನ್ನೂ ಚೆಲ್ಲಿಬಿಡಿ.

ಬೆಕ್ಕು ಜೊಲ್ಲು ಸುರಿಸಿ, ವಾಂತಿ ಮಾಡಿ, ಮಂಕಾಗಿ ಮಲಗಿದರೆ ಉಪ್ಪುನೀರು ಕುಡಿಸಿ ಕಾಯುತ್ತ ಕೂರಬೇಡಿ. ಅದು ಕಚ್ಚಿದ ಎಲೆಯ ಸಮೇತ ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ.

ಹೊಸದಾಗಿ ಗಿಡ ಹಾಕುವವರು ದಾಸವಾಳ ಹಾಕಿ: ದೇವರಿಗೂ ಹೂವಾಯಿತು, ಬೆಕ್ಕಿಗೂ ಭಯವಿಲ್ಲ.