ಬರ್ಚಿ ಕೊಳ್ಳುವ ಮೊದಲು

ಉಸಿರು ಬಿಗಿಹಿಡಿದು ಸಮುದ್ರದೊಳಗೆ ಮುಳುಗಿ ಮೀನು ಹೊಡೆಯುವುದನ್ನು ಕಲಿಯಬೇಕು ಎನ್ನುವ ಹುಡುಗರು ಚಾಮರಾಜಪೇಟೆಯಲ್ಲೂ ಬಸವನಗುಡಿಯಲ್ಲೂ ಈಗ ಸಿಗುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಗನ್ ತೊಗೊಳ್ಳಲಿ ಸಾರ್? ಬರ್ಚಿ ಹಾರಿಸುವ ಗನ್ನಿನ ಮಾತು ಮುಂದಿನ ವರ್ಷಕ್ಕಿರಲಿ, ಕೈಯಲ್ಲಿರುವ ದುಡ್ಡನ್ನು ಮಾಸ್ಕಿಗೂ ಫಿನ್ಸಿಗೂ ಹಾಕು ಎನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಆದರೂ ಈ ಉತ್ತರವನ್ನು ನಾನು ಬದಲಾಯಿಸುವುದಿಲ್ಲ.

ನಾನು ಈಜು ಕಲಿತದ್ದು ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ. ಅಕ್ಕನನ್ನು ಅಂಕೋಲೆಯ ಕಡೆಗೆ ಕೊಟ್ಟ ಮೇಲೆ ನಮಗೆ ಸಮುದ್ರದ ನೆಂಟಸ್ತಿಕೆ ಬಂತು. ಭಾವ ನೀಲಿಕಲ್ಲು ತೆಗೆಯುವವರು. ನೀರು ಇಳಿದ ಹೊತ್ತಿನಲ್ಲಿ ಬಂಡೆಯ ಬುಡಕ್ಕೆ ಮುಳುಗಿ, ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ ಸೊಂಟದ ಬಲೆಚೀಲಕ್ಕೆ ತುಂಬುತ್ತಾರೆ. ಬೆಂಗಳೂರಿನಿಂದ ನಾನು ಹೊತ್ತು ತರುತ್ತಿದ್ದ ಸಾಮಾನನ್ನು ಒಂದೊಂದಾಗಿ ತಿರುಗಿಸಿ ನೋಡಿ ಅವರು ಹೇಳಿದ ಮಾತು ಇಷ್ಟೇ: "ಮೊದಲು ನೀರೊಳಗೆ ಸುಮ್ಮನೆ ಇರೂಕೆ ಕಲಿ ಮಾರಾಯ. ಮೀನು ಎಲ್ಲಿಗೂ ಹೋಗೂದಿಲ್ಲ." ಸಾಮಾನು ಆರಿಸುವಾಗ ನಾನು ಈ ಮಾತನ್ನೇ ಅಳತೆಗೋಲು ಮಾಡಿಕೊಂಡೆ. ನೀರಿನಲ್ಲಿ ಸುಮ್ಮನಿರಲು ಯಾವುದು ನೆರವಾಗುತ್ತದೋ ಅದು ಮೊದಲು, ಉಳಿದದ್ದು ಆಮೇಲೆ.

ಹಾಗೆ ನೋಡಿದರೆ ಮಾಸ್ಕಿಗೇ ಅಗ್ರಸ್ಥಾನ. ಈಜುಕೊಳದ ಕನ್ನಡಕ ಇಲ್ಲಿ ನಡೆಯುವುದಿಲ್ಲ, ಅದಕ್ಕೆ ಕಾರಣವಿದೆ. ಹತ್ತು ಮೀಟರ್ ಆಳಕ್ಕೆ ಇಳಿದರೆ ಒತ್ತಡ ಮೇಲಿದ್ದದ್ದರ ಎರಡರಷ್ಟಾಗುತ್ತದೆ, ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಕನ್ನಡಕದೊಳಗಿನ ಗಾಳಿ ಕುಗ್ಗಿದಾಗ ಅದು ಕಣ್ಣನ್ನೇ ಹೀರತೊಡಗುತ್ತದೆ. ಈಜಿನ ಕನ್ನಡಕ ಹಾಕಿಕೊಂಡು ಮುಳುಗಿದ ಗೆಳೆಯನೊಬ್ಬನ ಕಣ್ಣಿನ ಬಿಳಿಭಾಗ ರಕ್ತದಂತೆ ಕೆಂಪಾಗಿ ವಾರಗಟ್ಟಲೆ ಹಾಗೇ ಇತ್ತು. ಮಾಸ್ಕ್ ಮೂಗನ್ನೂ ಒಳಗೆ ಸೇರಿಸಿಕೊಳ್ಳುವುದರಿಂದ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಆ ಒತ್ತಡವನ್ನು ಸರಿದೂಗಿಸಬಹುದು. ಮೂಗಿನ ಭಾಗ ಮೆತ್ತಗಿರಬೇಕು. ಕಿವಿಯ ಒತ್ತಡ ಬಿಡಿಸಲು ಹೊರಗಿನಿಂದಲೇ ಮೂಗು ಹಿಂಡಬೇಕಲ್ಲ, ಬೆರಳಿಗೆ ಅದು ಸಲೀಸಾಗಿ ಸಿಗಬೇಕು. ಈಗ ಮುಖವನ್ನೆಲ್ಲ ಮುಚ್ಚುವ ಮಾಸ್ಕುಗಳೂ ಬಂದಿವೆ. ಅವು ನೀರಿನ ಮೇಲೆ ತೇಲಿಕೊಂಡು ನೋಡುವವರಿಗೆ. ಅದರೊಳಗೆ ಮೂಗು ಹಿಂಡಲಾಗದು, ಅದನ್ನು ತೊಟ್ಟು ಮುಳುಗಲೇಬಾರದು.

ಆರಿಸುವ ಬಗೆ ಸುಲಭ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದುಕೊಂಡು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಬಿದ್ದರೆ ಎಷ್ಟು ದುಬಾರಿಯದಾದರೂ ಬೇಡ. ಆದ್ದರಿಂದಲೇ ಮೊದಲ ಮಾಸ್ಕನ್ನು ಆನ್‌ಲೈನಿನಲ್ಲಿ ತರಿಸಬೇಡಿ, ಅಂಗಡಿಗೆ ಹೋಗಿ ಮುಖಕ್ಕಿಟ್ಟು ನೋಡಿ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗೆ ನೀರು ಜಿನುಗುವುದುಂಟು, ಅವರು ಇನ್ನೂ ಹೆಚ್ಚು ಪರೀಕ್ಷಿಸಬೇಕು. ಗಾಜು ಟೆಂಪರ್ಡ್ ಆಗಿರಲಿ, ಮುಖಕ್ಕೆ ತಾಗುವ ಅಂಚು ಸಿಲಿಕೋನಿನದಾಗಿರಲಿ, ಒಳಗಿನ ಜಾಗ ಆದಷ್ಟು ಕಡಿಮೆ ಇರಲಿ. ಜಾಗ ಕಡಿಮೆಯಿದ್ದಷ್ಟೂ ಅದನ್ನು ತುಂಬಲು ನಿಮ್ಮ ಉಸಿರು ಕಡಿಮೆ ಖರ್ಚಾಗುತ್ತದೆ. ಕನ್ನಡಕ ಹಾಕುವವರು ನಿರಾಶರಾಗಬೇಕಿಲ್ಲ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಕಣ್ಣು ತೋರಿಸಿ ನಂಬರ್ ಬರೆಸಿಕೊಳ್ಳಿ. ಕೆಲವು ಮಾಸ್ಕುಗಳಿಗೆ ಪವರ್ ಗಾಜು ಸಿದ್ಧವಾಗಿಯೇ ಸಿಗುತ್ತದೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ತೆಳು ಜಿಡ್ಡು ಇರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯದಿದ್ದರೆ ನೀರಿಗಿಳಿದ ಕೂಡಲೇ ಮಂಜು ಕಟ್ಟುತ್ತದೆ.

ಇನ್ನು ನೀರೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರದಲ್ಲಿದ್ದಂತೆ ಕಾಣುತ್ತದೆ. ಹೊಸಬರ ಏಟು ಮೀನಿಗೆ ಮುಟ್ಟದೆ ಹೋಗುವುದು ಬಹಳಮಟ್ಟಿಗೆ ಇದರಿಂದ. ಕಣ್ಣು ಈ ಅಂದಾಜಿಗೆ ಹೊಂದಿಕೊಳ್ಳಲು ಬರ್ಚಿ ಬೇಕಾಗಿಲ್ಲ, ಮಾಸ್ಕ್ ಹಾಕಿಕೊಂಡು ತೇಲಿದರೆ ಸಾಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು ಸಮುದ್ರದ ಅಡಿ ತೋರಿಸುವವರಿದ್ದಾರೆ. ಮೊದಲ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿ ನಾನು ಕಂಡಿಲ್ಲ. ಅದು ನೋಡುವ ಜಾಗ, ಹವಳದ ಜಾಗ. ಅಲ್ಲಿಗೆ ಬರ್ಚಿ ಒಯ್ಯುವ ಯೋಚನೆಯೂ ಬೇಡ.

ಸ್ನಾರ್ಕೆಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕವಾಟ, ಮುಚ್ಚಳ ಯಾವುದೂ ಇಲ್ಲದ ಬರೀ ಬಾಗಿದ ಕೊಳವೆ ಸಾಕು. ಮುಳುಗುವಾಗ ಅದನ್ನು ಬಾಯಿಂದ ತೆಗೆದುಬಿಡಿ.

ಫಿನ್ಸ್ ಉದ್ದಲಗಿನದು, ಪಾದವನ್ನು ಪೂರ್ತಿ ಮುಚ್ಚುವಂಥದ್ದು ಬೇಕು. ಹೊಸಬರಿಗೆ ಪ್ಲಾಸ್ಟಿಕ್ ಅಲಗು ಸಾಕು. ಕಾರ್ಬನ್ನಿನದು ನಮ್ಮ ಬಂಡೆಗಳ ಮೇಲೆ ಒಂದು ಅಲೆಗೆ ಸಿಕ್ಕರೆ ಸೀಳುತ್ತದೆ. ತೆಳು ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಇಲ್ಲದಿದ್ದರೆ ಹಿಮ್ಮಡಿಯ ಚರ್ಮ ಕಿತ್ತುಬರುತ್ತದೆ. ಕೊಳದಲ್ಲಿ ಅಭ್ಯಾಸ ಮಾಡುವುದಿದ್ದರೆ ಕೋಚ್ ಅನ್ನು ಕೇಳಿ, ಜನ ಕಡಿಮೆಯಿರುವ ಹೊತ್ತು ಗೊತ್ತುಮಾಡಿಕೊಳ್ಳಿ. ಅಷ್ಟು ಉದ್ದದ ಅಲಗು ಪಕ್ಕದವರಿಗೆ ಬಡಿಯುತ್ತದೆ. ರಾತ್ರಿಯ ಪಂಚಗಂಗಾ ರೈಲಿನಲ್ಲಿ ನಾನು ಅದನ್ನು ಚಾಪೆಯಲ್ಲಿ ಸುತ್ತಿ ಕೆಳಗಿನ ಬರ್ತಿನ ಅಡಿಗೆ ತಳ್ಳುತ್ತೇನೆ.

ನಮ್ಮ ಸಮುದ್ರ ಬೆಚ್ಚಗಿನದು. ದಪ್ಪ ವೆಟ್‌ಸೂಟ್ ಬೇಕಿಲ್ಲ. ಮೈ ಮುಚ್ಚುವ ತೆಳು ಲೈಕ್ರಾ ಅಂಗಿಯಾದರೂ ಸಾಕು, ಅಂಬಲಿಮೀನಿನ ಉರಿಯಿಂದಲೂ ಚಿಪ್ಪಿನ ಗೀರಿನಿಂದಲೂ ಕಾಪಾಡುತ್ತದೆ. ಸೂಟ್ ಹಾಕಿದರೆ ಅದು ತೇಲಿಸುತ್ತದೆ, ಆಗ ಸೀಸದ ಬೆಲ್ಟ್ ಬೇಕಾಗುತ್ತದೆ. ಇಲ್ಲಿ ಬೆಂಗಳೂರಿನವರಿಗೊಂದು ವಿಷಯ ಗೊತ್ತಿರಬೇಕು. ಕೊಳದ ನೀರಿಗಿಂತ ಉಪ್ಪುನೀರು ನೂರಕ್ಕೆ ಎರಡೂವರೆ ಪಾಲು ಭಾರ. ಎಪ್ಪತ್ತು ಕಿಲೋ ತೂಗುವವನು ಕೊಳದಲ್ಲಿ ಸರಿಹೊಂದಿಸಿದ ಲೆಕ್ಕ ಸಮುದ್ರದಲ್ಲಿ ಒಂದೂಮುಕ್ಕಾಲು ಕಿಲೋದಷ್ಟು ತಪ್ಪುತ್ತದೆ. ಹಾಗೆಂದು ಒಂದೇ ಸಲ ಸೀಸ ಏರಿಸಬಾರದು. ಸಾಮಾನ್ಯವಾಗಿ ಉಸಿರು ಬಿಟ್ಟ ಮೇಲೂ ತಲೆ ನೀರಿನ ಮೇಲೆಯೇ ಉಳಿಯಬೇಕು. ಸೀಸ ಕಡಿಮೆಯಾದರೆ ಮುಳುಗುವುದು ಕಷ್ಟ, ಅಷ್ಟೇ. ಹೆಚ್ಚಾದರೆ ಮೇಲೆ ಬರುವುದು ಕಷ್ಟ. ಬೆಲ್ಟಿನ ಬಕ್ಕಲ್ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಕಳಚಬೇಕು. ಕಣ್ಣುಮುಚ್ಚಿಕೊಂಡು ಕಳಚುವುದನ್ನು ಮನೆಯಲ್ಲೇ ರೂಢಿಮಾಡಿಕೊಳ್ಳಿ.

ಚಾಕು ಬೇಕೇಬೇಕು. ಅದು ಮೀನಿಗಲ್ಲ, ಬಲೆಗೆ. ನಮ್ಮ ಬಂಡೆಗಳ ಸುತ್ತ ಹರಿದು ಬಿದ್ದ ನೈಲಾನ್ ಬಲೆಯ ತುಂಡುಗಳು ನೀರಿನಲ್ಲಿ ಕಾಣಿಸುವುದೇ ಇಲ್ಲ. ಚಿಕ್ಕದು, ಹರಿತವಾದದ್ದು, ಎರಡೂ ಕೈಗೆ ಎಟುಕುವಂತೆ ಕಟ್ಟಿರಲಿ. ನೀರಿನ ಮೇಲೆ ಎದ್ದುಕಾಣುವ ಬಣ್ಣದ ತೇಲುಬುರುಡೆ ಮತ್ತು ಅದರ ಮೇಲೊಂದು ಬಾವುಟವೂ ಬೇಕು. ದೋಣಿಯವರಿಗೆ ನೀವು ಎಲ್ಲಿದ್ದೀರಿ ಎಂದು ತಿಳಿಸಲು ಬೇರೆ ದಾರಿಯಿಲ್ಲ.

ಅಂಗಡಿಯಲ್ಲಿ ಸಿಗದ ಸಾಮಾನೊಂದಿದೆ: ಜೊತೆಗಾರ. ಮುಳುಗುವ ಮುನ್ನ ಜೋರಾಗಿ ಮೇಲಿಂದ ಮೇಲೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕೆಂಬ ತುಡಿತ ಹುಟ್ಟುವುದು ಅದರಿಂದಲೇ ಆದ್ದರಿಂದ, ಆಮ್ಲಜನಕ ತೀರುತ್ತ ಬಂದರೂ ಮೈ ಎಚ್ಚರಿಸುವುದಿಲ್ಲ. ಮೇಲೆ ಬರುವಾಗ ಒತ್ತಡ ಇಳಿದಂತೆ ಇದ್ದಬದ್ದ ಆಮ್ಲಜನಕದ ಬಲವೂ ಕುಸಿಯುತ್ತದೆ, ಕೊನೆಯ ಕೆಲವು ಮೀಟರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೂ ಹೀಗೆ ಸತ್ತಿದ್ದಾರೆ, ಕೊಳದಲ್ಲೂ ಸತ್ತಿದ್ದಾರೆ. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿದ್ದು ನೋಡುತ್ತಿರಬೇಕು. ಬಂದವನು ತಲೆಯೆತ್ತಿದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು. ಕೆಳಗಿದ್ದ ಹೊತ್ತಿನ ಎರಡರಷ್ಟಾದರೂ ಮೇಲೆ ಸುಧಾರಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಬರ್ಚಿ. ನನ್ನ ಮತ ಕೈಬರ್ಚಿಗೆ: ಹಿಂತುದಿಯಲ್ಲಿ ರಬ್ಬರ್ ಕುಣಿಕೆಯಿರುವ, ಆಳುದ್ದದ ಕೋಲು. ಅದಕ್ಕೆ ಕುದುರೆಯಿಲ್ಲ, ಹಿಡಿತ ಬಿಟ್ಟರೆ ಮಾತ್ರ ಹಾರುತ್ತದೆ, ಮೀನಿನ ತೀರ ಹತ್ತಿರಕ್ಕೆ ಹೋಗುವುದನ್ನು ಕಲಿಸುತ್ತದೆ. ಮುಂದೆ ಗನ್ ಕೊಂಡರೂ ಗಿಡ್ಡದ್ದೇ ಕೊಳ್ಳಿ. ನದಿಗಳು ಬಂದು ಸೇರುವ ನಮ್ಮ ದಡದ ನೀರು ಕದಡಿದ್ದು. ಎದುರಿಗೆ ಕಾಣುವುದೇ ಕೆಲವು ಮೀಟರ್ ಆಗಿರುವಾಗ ಉದ್ದದ ಗನ್ನು ಏನು ಮಾಡೀತು? ಯಾವುದೇ ಆದರೂ ನೀರಿನಲ್ಲೇ ಎಳೆದು ಸಜ್ಜುಮಾಡಿ, ನೀರಿನಲ್ಲೇ ಸಡಿಲಿಸಿ ಹೊರಗೆ ಬನ್ನಿ.

ಯಾವ ಮೀನು ಎಂಬುದೂ ಸಾಮಾನಿನಷ್ಟೇ ಮುಖ್ಯ. ದೈತ್ಯ ಮುರು (ಗ್ರೂಪರ್), ಕಡಲಕುದುರೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸಾಮಾನ್ಯ ಮುರು ಮೀನುಗಳಲ್ಲೂ ಬಹುಪಾಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಬಂಡೆಯ ಅತಿ ದೊಡ್ಡ ಮುರುವನ್ನು ಹೊಡೆದರೆ ಆ ಬಂಡೆಯ ಗಂಡನ್ನೇ ತೆಗೆದಂತೆ. ಊಟಕ್ಕೆ ಬೇಕಾದ ಒಂದನ್ನು, ನಡುಗಾತ್ರದ್ದನ್ನು, ಗುರುತು ಸಿಕ್ಕಿದ್ದನ್ನು ಮಾತ್ರ ಹೊಡೆಯಿರಿ.

ಮೊದಲ ಸಲ ಹೋಗುವವರು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಆಗ ನೀರು ತಿಳಿಯಾಗಿರುತ್ತದೆ. ನೆಗಡಿಯಿದ್ದರೆ ಟಿಕೆಟ್ ರದ್ದು ಮಾಡಿ. ಆ ಊರಿನ ಮೀನುಗಾರರನ್ನೂ ಮೀನುಗಾರಿಕೆ ಇಲಾಖೆಯವರನ್ನೂ ವಿಚಾರಿಸಿ, ಅವರು ಬೇಡವೆಂದ ಕಡೆ ಇಳಿಯಬೇಡಿ. ಜೊತೆಗೆ ಬರುವವರು ಸಿಗದಿದ್ದರೆ ಆ ಸಲ ದಡದಲ್ಲೇ ಇದ್ದುಬಿಡಿ.