ಕೋಣದ ಬೆನ್ನಿನ ನಾಲ್ಕು ಬರೆ

ಪ್ರಶ್ನೆ: ಕಡಬದ ಹತ್ತಿರದ ಹಳ್ಳಿ ನಮ್ಮದು. ತೋಟ ಉಂಟು, ಒಂದು ಜೊತೆ ಓಟದ ಕೋಣ ಉಂಟು. ನಮ್ಮ ಮನೆಯವರಿಗೆ ಅವು ಮಕ್ಕಳಿಗಿಂತ ಹೆಚ್ಚು. ಬೇಯಿಸಿದ ಹುರುಳಿ, ಎಣ್ಣೆ ತಿಕ್ಕುವುದು, ಸೆಕೆಗೆ ಫ್ಯಾನು ಯಾವುದಕ್ಕೂ ಕಡಿಮೆಯಿಲ್ಲ. ಈ ಸಲ ಪುತ್ತೂರು ಕಂಬಳದಿಂದ ಬಂದ ಮೇಲೆ ನೋಡಿದರೆ ಒಂದರ ಬೆನ್ನಲ್ಲಿ ನಾಲ್ಕು ಬರೆ. ನಾನೇ ಅರಿಶಿನ ಎಣ್ಣೆ ಹಚ್ಚಿದೆ. ಕಾಲೇಜಿಗೆ ಹೋಗುವ ಮಗಳು ಅತ್ತು, ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾಳೆ. ಅವರು "ಕೋರ್ಟೇ ಸರಿ ಅಂದಿದೆ" ಎನ್ನುತ್ತಾರೆ. ನಾನು ಯಾರ ಪರ ನಿಲ್ಲಲಿ?

ಉತ್ತರ: ಅಕ್ಕಾ, ಬರೆಗಳನ್ನು ಎಣಿಸಿ ಬರೆದಿದ್ದೀರಿ. ನೀವು ಯಾರ ಪರ ಎಂಬುದು ಅಲ್ಲೇ ಗೊತ್ತಾಯಿತು.

ಕೋರ್ಟಿನ ಮಾತು ಅರ್ಧ ನಿಜ. ತಮಿಳುನಾಡಿನ ಹೋರಿ ಆಟ ಜಲ್ಲಿಕಟ್ಟನ್ನು ತಡೆದ 2014ರ ತೀರ್ಪಿನಿಂದ ಕಂಬಳಕ್ಕೂ ಕುತ್ತು ಬಂತು. ಆಮೇಲೆ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಪ್ರಾಣಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಆ ಕಾನೂನಿನೊಳಗೇ ಇದೆ. ಓಡಿಸಲು ಒಪ್ಪಿಗೆ ಸಿಕ್ಕಿದೆ, ಬರೆ ಎಳೆಯಲು ಅಲ್ಲ.

ಮಗಳಿಗೂ ಒಂದು ಮಾತು. ಕೋಣಕ್ಕೆ ದನಕ್ಕಿಂತ ಬೆವರು ಕಡಿಮೆ, ಬಿಸಿಲು ತಡೆಯುವುದಿಲ್ಲ. ಕೆಸರು ಕಂಡರೆ ಅದಕ್ಕೆ ಖುಷಿಯೇ. ಹಿಂಸೆ ಇರುವುದು ಬೆತ್ತದಲ್ಲಿ, ಬಿಸಿಲಲ್ಲಿ ಸರದಿ ಕಾಯಿಸುವುದರಲ್ಲಿ. ಇಂಗ್ಲೆಂಡಿನ ಕುದುರೆ ರೇಸಿನಲ್ಲಿ, ಬೇಲಿ ಹಾರಿಸದ ಓಟಗಳಿಗೆ, 2023ರಿಂದ ಚಾಟಿ ಏಟಿಗೆ ಆರರ ಮಿತಿ. ಮೀರಿದರೆ ಜಾಕಿಗೆ ಶಿಕ್ಷೆ. ಅಷ್ಟು ದುಡ್ಡಿನ ಆಟದಲ್ಲೇ ಏಟು ಎಣಿಸುತ್ತಾರಾದರೆ ನಮ್ಮ ಕಂಬಳದ ಕೆಸರು ಕರೆಯಲ್ಲಿ ಎಣಿಸಲು ಏನು ಕಷ್ಟ? 2020ರಲ್ಲಿ ಐಕಳದ ಕಂಬಳದಲ್ಲಿ ಹೆಸರಾದ ಓಟವೂ 142.5 ಮೀಟರಿಗೆ 13.62 ಸೆಕೆಂಡು, ಎಣಿಸಬೇಕಾದ್ದು ಅಷ್ಟು ಹೊತ್ತು ಮಾತ್ರ.

ಬೆತ್ತ ಹಿಡಿಯುವವನು ಸಾಮಾನ್ಯವಾಗಿ ಓಟಗಾರ. ಆದರೆ ಅವನ ಕೈಗೆ ಸಲುಗೆ ಕೊಡುವವರು ಯಜಮಾನರು. ಕೋಣ ಓಟ ಶುರುವಾಗುವ ಗಂತಿಗೆ ಹೋಗುವ ಮೊದಲೇ "ಬೆತ್ತ ಬೀಸು, ಮೈಗೆ ತಾಗಿಸಬೇಡ" ಎಂದು ಅವರೇ ಹೇಳಲಿ. (ಚರ್ಮ ಒಡೆದಿದ್ದರೆ ಅರಿಶಿನ ಸಾಲದು, ಪಶುವೈದ್ಯರನ್ನು ಕರೆಸಿ.)

ಮುಂದಿನ ಕಂಬಳಕ್ಕೆ ಮಗಳನ್ನೂ ಕರೆದುಕೊಂಡು ಹೋಗಿ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಲ್ಲಿಸಿ. ಕೋಣ ಹತ್ತಿ ಬಂದ ಕೂಡಲೇ ಬೆನ್ನು ನೋಡುವ ಕೆಲಸ ಅವಳದು. ಬರೆ ಕಂಡರೆ ಮುಂದಿನ ಸುತ್ತಿಗೆ ಇಳಿಸುವುದಿಲ್ಲ ಎಂದು ಮನೆಯವರಿಂದ ಮೊದಲೇ ಮಾತು ತೆಗೆದುಕೊಳ್ಳಿ. ಒಪ್ಪದಿದ್ದರೆ ಮತ್ತೆ ಬರೆಯಿರಿ.