ಹಿಗ್ಗಿ ಕುಗ್ಗುವ ಮೆಟ್ಟಿಲಿನ ನಕ್ಷೆ

ಮೆಟ್ಟಿಲು ಏರುವಾಗ ನಾವು ಪ್ರತಿಯೊಂದನ್ನೂ ನೋಡಿ ಕಾಲಿಡುವುದಿಲ್ಲ. ಮೊದಲ ಎರಡು ಮೂರರ ಎತ್ತರವನ್ನು ಅರಿತ ಕಾಲು, ಉಳಿದವೂ ಅಷ್ಟೇ ಇರುವುವೆಂದು ನಂಬಿ ಸಾಗುತ್ತದೆ. ಒಂದು ಮೆಟ್ಟಿಲು ಎರಡು ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಸಾಕು, ಮನುಷ್ಯನು ಎಡವುತ್ತಾನೆ. ಆದುದರಿಂದ ಮೆಟ್ಟಿಲುಗಳೆಲ್ಲವೂ ಸಮನಾಗಿರಬೇಕೆಂಬುದು ಕಟ್ಟಡಶಿಲ್ಪದ ಕಟ್ಟುನಿಟ್ಟಿನ ನಿಯಮ. ಗಣಕಯಂತ್ರದಲ್ಲಿ ನಕ್ಷೆ ಬರೆಯುವವನೂ ಇದಕ್ಕೆ ಅಧೀನನೇ.

ಮೆಟ್ಟಿಲಿನ ಎತ್ತರಕ್ಕೆ ರೈಸರ್ ಎಂದೂ, ಕಾಲಿಡುವ ಹಾಸಿಗೆ ಟ್ರೆಡ್ ಎಂದೂ ಹೆಸರು. ಎರಡು ರೈಸರ್ ಮತ್ತು ಒಂದು ಟ್ರೆಡ್ ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕೆಂದು ಫ್ರಾನ್ಸಿನ ಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಸೂತ್ರ ಹೇಳಿದನು. ಇಂದು ಆ ಮೊತ್ತವನ್ನು ಸುಮಾರು 600ರಿಂದ 640 ಮಿ.ಮೀ. ಎಂದು ಹಿಡಿಯುವುದುಂಟು. ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಶಾಲೆಯಂಥ ಕಟ್ಟಡದಲ್ಲಿ ರೈಸರ್ 150 ಮಿ.ಮೀ. ಮೀರಬಾರದು, ಟ್ರೆಡ್ 300ಕ್ಕೆ ಕಡಿಮೆಯಾಗಬಾರದು.

ಒಂದು ಶಾಲೆಯ ಮಹಡಿ 3000 ಮಿ.ಮೀ. ಎತ್ತರದಲ್ಲಿದೆಯೆಂದು ಭಾವಿಸೋಣ. ಅದನ್ನು 150ರಿಂದ ಭಾಗಿಸಿದರೆ 20 ರೈಸರ್. ನಡುವೆ ಲ್ಯಾಂಡಿಂಗ್ ಇಟ್ಟರೆ ಒಂದೊಂದು ಸಾಲಿಗೆ ಹತ್ತು. ಸಾಲಿನ ಕೊನೆಯ ಹೆಜ್ಜೆ ಲ್ಯಾಂಡಿಂಗಿನ ಮೇಲೋ ಮಹಡಿಯ ಮೇಲೋ ಬೀಳುವುದರಿಂದ ಟ್ರೆಡ್‌ಗಳು ಒಂಬತ್ತೇ. 310 ಮಿ.ಮೀ.ಯಂತೆ ಅವುಗಳ ಉದ್ದ 2790.

ಈಗ ಮಹಡಿಯ ಎತ್ತರ 3200 ಆಗಬೇಕೆಂದು ತೀರ್ಮಾನವಾಯಿತು. ಹಳೆಯ ನಕ್ಷೆಯನ್ನು ಸುಮ್ಮನೆ ಎಳೆದು ಹಿಗ್ಗಿಸಿದರೆ ರೈಸರ್ 160 ಆಗಿ ನಿಯಮ ಮೀರುತ್ತದೆ. 150ರ ಮೆಟ್ಟಿಲನ್ನೇ ಒಂದು ಹೆಚ್ಚಿಸಿದರೆ 3150 ಆಗಿ, ಕೊನೆಗೆ 50 ಮಿ.ಮೀ.ನ ಕುಳ್ಳು ಮೆಟ್ಟಿಲೊಂದು ಉಳಿಯುತ್ತದೆ. ಮಕ್ಕಳು ಮುಗ್ಗರಿಸುವುದು ಅಲ್ಲಿಯೇ. ಸರಿಯಾದ ಮಾರ್ಗವೆಂದರೆ 22 ರೈಸರ್ ಮಾಡಿ ಪ್ರತಿಯೊಂದನ್ನೂ ಸುಮಾರು 145.5ಕ್ಕೆ ಇಳಿಸುವುದು. ಆಗ ಸಾಲಿಗೆ ಹತ್ತು ಟ್ರೆಡ್, ಉದ್ದ 3100.

ಹೀಗೆ ಅಳತೆ ಬದಲಾದಾಗಲೆಲ್ಲ ಗೆರೆಗಳನ್ನು ಅಳಿಸಿ ಬರೆಯುವ ಶ್ರಮವನ್ನು ಗಣಕಯಂತ್ರ ತಪ್ಪಿಸಬಲ್ಲದು. ನಕ್ಷೆಯು ಗೆರೆಗಳನ್ನಷ್ಟೇ ಅಲ್ಲದೆ ಅವುಗಳ ಸಂಬಂಧವನ್ನೂ ನೆನಪಿಟ್ಟುಕೊಳ್ಳಬಹುದೆಂಬುದನ್ನು ಇವಾನ್ ಸದರ್ಲೆಂಡ್ ಅಮೆರಿಕದಲ್ಲಿ 1963ರಲ್ಲಿ 'ಸ್ಕೆಚ್‌ಪ್ಯಾಡ್' ಮೂಲಕ ತೋರಿಸಿದರು. ಆಟೋಕ್ಯಾಡ್ ತಂತ್ರಾಂಶದ 2006ರ ಆವೃತ್ತಿಯಲ್ಲಿ ಬಂದ 'ಡೈನಮಿಕ್ ಬ್ಲಾಕ್' ಇದೇ ಜಾತಿಯದು.

ಅದರ ಕ್ರಮ ಇಂತಿದೆ. ಮೇಲಿನಿಂದ ಕಂಡಂತೆ ಒಂದು ಸಾಲಿನ ಎರಡು ಪಕ್ಕದ ಗೆರೆಗಳನ್ನೂ ಒಂದು ಟ್ರೆಡ್ಡಿನ ಗೆರೆಯನ್ನೂ ಬರೆದು ಬ್ಲಾಕ್ ಮಾಡಬೇಕು. ಬ್ಲಾಕ್ ಎಡಿಟರ್‌ನಲ್ಲಿ ಸಾಲಿನ ಉದ್ದಕ್ಕೆ 'ಲೀನಿಯರ್ ಪ್ಯಾರಾಮೀಟರ್' ಇಡಬೇಕು. ಪಕ್ಕದ ಗೆರೆಗಳಿಗೆ 'ಸ್ಟ್ರೆಚ್' ಕ್ರಿಯೆಯನ್ನೂ, ಟ್ರೆಡ್ಡಿನ ಗೆರೆಗೆ 310ರ ಅಂತರದ 'ಅರ್ರೇ' ಕ್ರಿಯೆಯನ್ನೂ ಜೋಡಿಸಬೇಕು. ಕೊನೆಗೆ ಉದ್ದವು 310ರಂತೆಯೇ ಏರಿಳಿಯಬೇಕೆಂದು ವಿಧಿಸಬೇಕು. ಆಗ ತುದಿಯ ಹಿಡಿಯನ್ನು ಎಳೆದರೆ ಪಕ್ಕದ ಗೆರೆಗಳು ಉದ್ದವಾಗುತ್ತವೆ, ಟ್ರೆಡ್‌ಗಳು ಹಿಗ್ಗದೆ ಸಂಖ್ಯೆಯಲ್ಲಿ ಬೆಳೆಯುತ್ತವೆ. ಅರ್ಧ ಮೆಟ್ಟಿಲು ಎಂದೂ ಮೂಡದು.

ಆದರೆ ಈ ಬ್ಲಾಕಿಗೆ ತಿಳಿದಿರುವುದು ಟ್ರೆಡ್ ಮಾತ್ರ. ಮಹಡಿಯ ಎತ್ತರವನ್ನು ಅದು ಅರಿಯದು. ಭಾಗಾಕಾರ ಮಾಡಬೇಕಾದವನು ಮನುಷ್ಯನೇ. ತೆರೆಯ ಮೇಲೆ ಮೆಟ್ಟಿಲು 310 ಮಿ.ಮೀ. ಮುಂದೆ ಸರಿಯುವುದು ಕ್ಷಣದ ಕೆಲಸ; ಕಟ್ಟಿದ ಗೋಡೆ ಹಿಂದೆ ಸರಿಯದು. ಲ್ಯಾಂಡಿಂಗಿಗೆ ಸ್ಥಳ ಉಳಿದಿದೆಯೇ ಎಂದು ನೋಡಿಕೊಳ್ಳುವ ಹೊಣೆಯೂ ಅವನದೇ.

ಪೋಷಕರು ಒಂದು ಮಾತನ್ನು ಗಮನಿಸಬೇಕು. ಈ ವಿದ್ಯೆಯ ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿದ್ದರೂ ಅದರ ತಿರುಳು, ನಮ್ಮ ಮಕ್ಕಳು ಕನ್ನಡದಲ್ಲಿಯೇ ಕಲಿಯುತ್ತಿರುವ ಭಾಗಾಕಾರ. ಅದು ಗಟ್ಟಿಯಾಗಿದ್ದರೆ ಪದಗಳು ತಾವಾಗಿ ವಶವಾಗುತ್ತವೆ.

ವಿದ್ಯಾರ್ಥಿಗಳಿಗೆ ಅಭ್ಯಾಸ: ಮಹಡಿಯ ಎತ್ತರ 3400 ಮಿ.ಮೀ. ಆದರೆ ಕನಿಷ್ಠ ಎಷ್ಟು ರೈಸರ್ ಬೇಕು? ಪ್ರತಿಯೊಂದರ ಎತ್ತರವೆಷ್ಟು? ಎರಡು ಸಾಲುಗಳಿಗೆ ಅವನ್ನು ಹೇಗೆ ಹಂಚುವಿರಿ?